ಕೆ.ಎಸ್. ನಾಗರತ್ನಮ್ಮ: ಗುಂಡ್ಲುಪೇಟೆ ಏಳು ಬಾರಿ ಆರಿಸಿದ ಹೆಸರು

ಮೈಸೂರಿನಿಂದ ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ಸಾಗಿದರೆ ಗುಂಡ್ಲುಪೇಟೆ. ಹೆದ್ದಾರಿ ಇಲ್ಲಿ ಕವಲೊಡೆಯುತ್ತದೆ. ಒಂದು ದಾರಿ ಬಂಡೀಪುರದ ಕಾಡನ್ನು ಹಾಯ್ದು ಉದಕಮಂಡಲಕ್ಕೆ, ಇನ್ನೊಂದು ಕೇರಳದ ಸುಲ್ತಾನ್ ಬತ್ತೇರಿಗೆ. ಪ್ರವಾಸಿಗರ ಪಾಲಿಗೆ ಕಾಫಿ ಕುಡಿದು ಮುಂದೆ ಹೋಗುವ ಊರು. ಆದರೆ ರಾಜ್ಯದ ಚುನಾವಣಾ ಇತಿಹಾಸವನ್ನು ಬಲ್ಲವರಿಗೆ ಗುಂಡ್ಲುಪೇಟೆ ಬೇರೆಯದೇ ಕಾರಣಕ್ಕೆ ನೆನಪಾಗುತ್ತದೆ. 1957ರಿಂದ 2013ರವರೆಗೆ ಇಲ್ಲಿ ನಡೆದ 13 ಸಾರ್ವತ್ರಿಕ ವಿಧಾನಸಭಾ ಚುನಾವಣೆಗಳ ಪೈಕಿ 12ರಲ್ಲಿ ಗೆದ್ದವರು ಇಬ್ಬರೇ. ಮೊದಲ ಏಳು ಗೆಲುವು ಕೆ.ಎಸ್. ನಾಗರತ್ನಮ್ಮನವರದು, ಆನಂತರದ ಐದು ಎಚ್.ಎಸ್. ಮಹದೇವಪ್ರಸಾದ್ ಅವರದು.

ಏಳು ಬಾರಿ ಗೆದ್ದ ಶಾಸಕರು ಕರ್ನಾಟಕದಲ್ಲಿ ಬೇರೆಯವರೂ ಇದ್ದಾರೆ. ಆದರೆ ಮಹಿಳೆಯರಿಗೆ ಟಿಕೆಟ್ ನೀಡುವುದನ್ನೇ ಪಕ್ಷಗಳು ಉಪಕಾರವೆಂದು ಬಗೆಯುತ್ತಿದ್ದ ಕಾಲದಲ್ಲಿ, ಕಾಡಂಚಿನ ಒಂದು ಸಾಮಾನ್ಯ ಕ್ಷೇತ್ರ ಮಹಿಳೆಯೊಬ್ಬರನ್ನು ಮತ್ತೆ ಮತ್ತೆ ಆರಿಸಿ ಕಳುಹಿಸಿದ ಉದಾಹರಣೆ ಅಪರೂಪ. ಆ ಮಹಿಳೆ ವಿಧಾನಸಭೆಯ ಸಭಾಧ್ಯಕ್ಷರ ಪೀಠದಲ್ಲಿ ಸುಮಾರು ಆರು ವರ್ಷ ಕುಳಿತರು. ಅವರಿಗೆ ಮೊದಲು ಆ ಪೀಠವನ್ನು ಯಾವ ಮಹಿಳೆಯೂ ಏರಿರಲಿಲ್ಲ. ಅವರ ನಂತರವೂ ಏರಿಲ್ಲ.

ನಾಗರತ್ನಮ್ಮನವರು ಮೊದಲ ಬಾರಿಗೆ ಗೆದ್ದದ್ದು 1957ರಲ್ಲಿ, ಪಕ್ಷೇತರರಾಗಿ. ಅದು ಎಂಥ ಚುನಾವಣೆಯಾಗಿತ್ತು ಎಂಬುದನ್ನು ಗಮನಿಸಿದರೆ ಮಾತ್ರ ಆ ಗೆಲುವಿನ ತೂಕ ತಿಳಿಯುತ್ತದೆ. 1956ರ ನವೆಂಬರ್ 1ರಂದು ಕನ್ನಡ ಮಾತನಾಡುವ ಪ್ರದೇಶಗಳು ಒಂದುಗೂಡಿ ವಿಶಾಲ ಮೈಸೂರು ರಾಜ್ಯ ರಚನೆಯಾಗಿತ್ತು. ನೆರೆಯ ಕೊಳ್ಳೇಗಾಲ ಅದೇ ದಿನ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಿಂದ ಮೈಸೂರು ಜಿಲ್ಲೆಗೆ ಬಂದು ಸೇರಿತು. ಹೊಸ ರಾಜ್ಯದ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕಾಂಗ್ರೆಸ್ 208 ಸ್ಥಾನಗಳ ಪೈಕಿ 150ನ್ನು ಗೆದ್ದಿತು. ಸ್ವಾತಂತ್ರ್ಯ ಹೋರಾಟದ ಪ್ರಭಾವಳಿ ಇನ್ನೂ ಆರದಿದ್ದ ಆ ಪಕ್ಷದ ಚಿಹ್ನೆಯನ್ನು ಬಿಟ್ಟು ಮತ್ತೊಂದನ್ನು ಆಯ್ದುಕೊಳ್ಳಲು ಹಳ್ಳಿಯ ಮತದಾರನಿಗೆ ಬಲವಾದ ಕಾರಣ ಬೇಕಿತ್ತು.

ಮತದಾನದ ಕ್ರಮವೂ ಇಂದಿನಂತಿರಲಿಲ್ಲ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಾಗಲಿ ಚಿಹ್ನೆಯಾಗಲಿ ಇರುತ್ತಿರಲಿಲ್ಲ. ಪ್ರತಿ ಅಭ್ಯರ್ಥಿಗೂ ಪ್ರತ್ಯೇಕ ಪೆಟ್ಟಿಗೆ; ಪೆಟ್ಟಿಗೆಯ ಮೇಲೆ ಆತನ ಚಿಹ್ನೆ. ಮತದಾರರು ಪರದೆಯ ಹಿಂದೆ ಹೋಗಿ ತಮಗೆ ಬೇಕಾದ ಪೆಟ್ಟಿಗೆಗೆ ಚೀಟಿ ಹಾಕಿ ಬರುತ್ತಿದ್ದರು. ಒಂದೇ ಮತಪತ್ರದಲ್ಲಿ ಎಲ್ಲ ಚಿಹ್ನೆಗಳನ್ನು ಮುದ್ರಿಸಿ ಮುದ್ರೆಯೊತ್ತಿಸುವ ಪದ್ಧತಿ ಇಲ್ಲಿಗೆ ಬಂದದ್ದು 1962ರಲ್ಲಿ. ಎತ್ತಿನ ಜೋಡಿಯ ಪೆಟ್ಟಿಗೆಯ ಪಕ್ಕದಲ್ಲಿ ಪಕ್ಷೇತರರ ಪೆಟ್ಟಿಗೆಯನ್ನು ಗುರುತಿಸಿ ಚೀಟಿ ಹಾಕಬೇಕಾದರೆ, ಅಭ್ಯರ್ಥಿಯ ಹೆಸರು ಅದಕ್ಕೆ ಮೊದಲೇ ಮನೆ ಮನೆಗೆ ತಲುಪಿರಬೇಕು.

ಐದು ವರ್ಷಗಳ ಹಿಂದಷ್ಟೇ, ದೇಶದ ಮೊದಲ ಮಹಾಚುನಾವಣೆಯ ಸಂದರ್ಭದಲ್ಲಿ, ಸುಮಾರು 28 ಲಕ್ಷ ಮಹಿಳೆಯರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಅವರು ತಮ್ಮ ಹೆಸರು ಹೇಳದೆ ಇಂಥವರ ಮಗಳು, ಇಂಥವರ ಹೆಂಡತಿ ಎಂದಷ್ಟೇ ಬರೆಸಿದ್ದರು. ಹಾಗೆ ಬಿಟ್ಟುಹೋದವರಲ್ಲಿ ಹೆಚ್ಚಿನವರು ಉತ್ತರ ಭಾರತದವರು ಎಂಬುದು ನಿಜ. ಆದರೂ ಹೆಣ್ಣು ತನ್ನ ಹೆಸರಿನಲ್ಲೇ ಸಾರ್ವಜನಿಕವಾಗಿ ಗುರುತಿಸಿಕೊಳ್ಳುವುದು ಆ ದಿನಗಳಲ್ಲಿ ಎಷ್ಟು ಹೊಸದಾಗಿತ್ತು ಎಂಬುದಕ್ಕೆ ಆ ಸಂಖ್ಯೆಯೇ ಸಾಕ್ಷಿ. ಅಂಥ ಕಾಲದಲ್ಲಿ ಗುಂಡ್ಲುಪೇಟೆಯ ಮತದಾರರು ನಾಗರತ್ನಮ್ಮ ಎಂಬ ಹೆಸರನ್ನು ಪಕ್ಷದ ಆಸರೆಯಿಲ್ಲದೆ ಗೆಲ್ಲಿಸಿ, ಆಗಷ್ಟೇ ಕಟ್ಟಿ ಮುಗಿದಿದ್ದ ವಿಧಾನಸೌಧಕ್ಕೆ ಕಳುಹಿಸಿದರು.

ಕ್ಷೇತ್ರದ ಸ್ವರೂಪವನ್ನೂ ಇಲ್ಲಿ ಹೇಳಬೇಕು. ತೆರಕಣಾಂಬಿಯಂಥ ಹಳೆಯ ರಾಜಧಾನಿ, ತ್ರಿಯಂಬಕಪುರದ ದೇಗುಲ, ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇವೆಲ್ಲ ಇದ್ದರೂ ತಾಲ್ಲೂಕಿನ ಬಹುಪಾಲು ಮಳೆಯನ್ನೇ ನಂಬಿದ ಬಯಲು. ರಾಗಿ, ಜೋಳ, ನೆಲಗಡಲೆ ಇಲ್ಲಿನ ಹಳೆಯ ಬೆಳೆಗಳು. ಅರಿಶಿನ, ಈರುಳ್ಳಿ, ಸೂರ್ಯಕಾಂತಿ ಆಮೇಲೆ ಹಬ್ಬಿದವು. ದಕ್ಷಿಣದ ಅಂಚಿನಲ್ಲಿ ಮೈಸೂರು ಅರಸರ ಬೇಟೆಯ ಕಾಡು. 1931ರಲ್ಲಿ ಅದು ವೇಣುಗೋಪಾಲ ವನ್ಯಧಾಮವಾಯಿತು. 1973ರಲ್ಲಿ ದೇಶದ ಮೊದಲ ಒಂಬತ್ತು ಹುಲಿ ರಕ್ಷಿತಾರಣ್ಯಗಳಲ್ಲಿ ಒಂದಾಗಿ ಬಂಡೀಪುರ ಸೇರ್ಪಡೆಯಾದಾಗ ಕಾಡಂಚಿನ ಹಳ್ಳಿಗಳ ಬದುಕಿಗೆ ಹೊಸ ಗಡಿಗಳು ಬಂದವು. ಲಿಂಗಾಯತರು, ಪರಿಶಿಷ್ಟ ಜಾತಿಯವರು, ನಾಯಕರು, ಉಪ್ಪಾರರು ದೊಡ್ಡ ಸಂಖ್ಯೆಯಲ್ಲಿರುವ ಕ್ಷೇತ್ರ ಇದು. ಯಾವುದೇ ಒಂದು ಸಮುದಾಯದ ಬಲದಿಂದ ಮಾತ್ರ ಇಲ್ಲಿ ಮೂರು ದಶಕ ಉಳಿಯುವುದು ಕಷ್ಟ.

ಇದೇ ಮತದಾರರು ಲೋಕಸಭೆಗೆ ಬೇರೆಯದೇ ಲೆಕ್ಕದಲ್ಲಿ ಮತ ಹಾಕಬೇಕಿತ್ತು. ಮೊದಲೆರಡು ಮಹಾಚುನಾವಣೆಗಳಲ್ಲಿ ಮೈಸೂರು ದ್ವಿಸದಸ್ಯ ಕ್ಷೇತ್ರವಾಗಿತ್ತು. ಒಂದು ಸಾಮಾನ್ಯ ಸ್ಥಾನ, ಇನ್ನೊಂದು ಮೀಸಲು. ದ್ವಿಸದಸ್ಯ ಕ್ಷೇತ್ರಗಳು ರದ್ದಾದ ಮೇಲೆ, 1962ರಲ್ಲಿ ಚಾಮರಾಜನಗರ ಪರಿಶಿಷ್ಟ ಜಾತಿಗೆ ಮೀಸಲಾದ ಪ್ರತ್ಯೇಕ ಲೋಕಸಭಾ ಕ್ಷೇತ್ರವಾಯಿತು. ಎಸ್.ಎಂ. ಸಿದ್ದಯ್ಯ ಅಲ್ಲಿಂದ 1962, 1967 ಮತ್ತು 1971ರಲ್ಲಿ ಸತತ ಮೂರು ಬಾರಿ ಗೆದ್ದರು. ತುರ್ತು ಪರಿಸ್ಥಿತಿಯ ನಂತರ, 1977ರಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದಾಗ ಕರ್ನಾಟಕದ 28 ಸ್ಥಾನಗಳಲ್ಲಿ 26 ಆ ಪಕ್ಷಕ್ಕೇ ಬಂದವು. ಚಾಮರಾಜನಗರದಿಂದ ಆಯ್ಕೆಯಾದವರು ಆಲೂರಿನ ಬಿ. ರಾಚಯ್ಯ. ಮುಂದೆ ಅವರು ಕೇರಳದ ರಾಜ್ಯಪಾಲರಾದರು. 1980ರಿಂದ 1991ರವರೆಗಿನ ನಾಲ್ಕು ಚುನಾವಣೆಗಳಲ್ಲಿ ವಿ. ಶ್ರೀನಿವಾಸಪ್ರಸಾದ್ ಗೆದ್ದರು. ಲೋಕಸಭೆಗೂ ಈ ಭಾಗ ವ್ಯಕ್ತಿಯನ್ನು ಹಿಡಿದುಕೊಂಡರೆ ಬೇಗನೆ ಬಿಡುವುದಿಲ್ಲ ಎಂಬುದನ್ನು ಈ ಪಟ್ಟಿಯೇ ತೋರಿಸುತ್ತದೆ. 1967ರವರೆಗೆ ಲೋಕಸಭೆ, ವಿಧಾನಸಭೆಗಳಿಗೆ ಒಟ್ಟಿಗೇ ಮತದಾನ ನಡೆಯುತ್ತಿತ್ತು. 1957, 1962 ಮತ್ತು 1967, ಈ ಮೂರೂ ಬಾರಿ ಗುಂಡ್ಲುಪೇಟೆ ವಿಧಾನಸಭೆಗೆ ಆರಿಸಿದ್ದು ನಾಗರತ್ನಮ್ಮನವರನ್ನೇ.

1972ರ ಚುನಾವಣೆಯ ಹೊತ್ತಿಗೆ ರಾಜಕೀಯ ಚಿತ್ರವೇ ಬದಲಾಗಿತ್ತು. ಕಾಂಗ್ರೆಸ್ 1969ರಲ್ಲಿ ಇಬ್ಭಾಗವಾಗಿತ್ತು. ಇಂದಿರಾ ಗಾಂಧಿಯವರ ಪಕ್ಷ ರಾಜ್ಯದ 216 ಸ್ಥಾನಗಳಲ್ಲಿ 165ನ್ನು ಗೆದ್ದು, ಹುಣಸೂರಿನ ಡಿ. ದೇವರಾಜ ಅರಸು ಮುಖ್ಯಮಂತ್ರಿಯಾದರು. ನಾಲ್ಕನೆಯ ಬಾರಿ ಗೆದ್ದು ಬಂದಿದ್ದ ನಾಗರತ್ನಮ್ಮನವರು ಆ ವರ್ಷದ ಮಾರ್ಚ್‌ನಲ್ಲಿ ಸಭಾಧ್ಯಕ್ಷರಾಗಿ ಆಯ್ಕೆಯಾದರು. ಭಾರತದ ಯಾವುದೇ ವಿಧಾನಸಭೆಗೆ ಮಹಿಳೆಯೊಬ್ಬರು ಸಭಾಧ್ಯಕ್ಷರಾದದ್ದು ಅದಕ್ಕೆ ಆರು ವರ್ಷ ಮೊದಲು, 1966ರಲ್ಲಿ, ಹರಿಯಾಣದ ಶನ್ನೋ ದೇವಿಯವರಿಂದ. ಲೋಕಸಭೆಗೆ ಮೀರಾ ಕುಮಾರ್ ಸ್ಪೀಕರ್ ಆಗುವುದಕ್ಕೆ ಇನ್ನೂ 37 ವರ್ಷ ಬಾಕಿಯಿತ್ತು.

ಪೀಠವೇರಿದ ಕೆಲವೇ ತಿಂಗಳಲ್ಲಿ ಸದನದ ಮುಂದೆ ಬಂದ ವಿಷಯ ಸಾಮಾನ್ಯವಾದದ್ದಲ್ಲ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡಬೇಕೆಂಬ ಬೇಡಿಕೆ ಏಕೀಕರಣದ ದಿನದಿಂದಲೂ ಇತ್ತು. ಮುಂಬಯಿ, ಹೈದರಾಬಾದ್ ಪ್ರಾಂತಗಳಿಂದ ಬಂದ ಕನ್ನಡಿಗರಿಗೆ ಮೈಸೂರು ಎಂಬ ಹೆಸರು ತಮ್ಮದೆನಿಸುತ್ತಿರಲಿಲ್ಲ. ಹಳೆಯ ಮೈಸೂರಿನ ಹಲವರಿಗೆ ಅದೇ ಹೆಸರನ್ನು ಬಿಟ್ಟುಕೊಡುವುದು ಕಷ್ಟವಾಗಿತ್ತು. 1972ರ ಜುಲೈಯಲ್ಲಿ ವಿಧಾನಸಭೆ ಹೆಸರು ಬದಲಾವಣೆಯ ನಿರ್ಣಯವನ್ನು ಅಂಗೀಕರಿಸಿತು. ಸಂಸತ್ತು ಶಾಸನ ಮಾಡಿದ ಮೇಲೆ 1973ರ ನವೆಂಬರ್ 1ರಿಂದ ರಾಜ್ಯ ಕರ್ನಾಟಕವಾಯಿತು. ಆ ನಿರ್ಣಯ ಅಂಗೀಕಾರವಾದ ಸದನದ ಅಧ್ಯಕ್ಷತೆ ಹಳೆಯ ಮೈಸೂರಿನ ತೀರ ದಕ್ಷಿಣ ತುದಿಯ ತಾಲ್ಲೂಕಿನ ಶಾಸಕಿಯದಾಗಿತ್ತು ಎಂಬುದು ರಾಜ್ಯೋತ್ಸವದ ಭಾಷಣಗಳಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ.

ಅದಕ್ಕಿಂತ ಬಿರುಸಿನ ಚರ್ಚೆಗಳಿಗೆ ಕಾರಣವಾದದ್ದು ಭೂಸುಧಾರಣೆ. ಉಳುವವನಿಗೆ ಒಡೆತನ ನೀಡುವ ತಿದ್ದುಪಡಿ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಗೇಣಿ ಪದ್ಧತಿ ರದ್ದಾಗಿ, ಗೇಣಿದಾರರ ಅರ್ಜಿಗಳನ್ನು ತೀರ್ಮಾನಿಸಲು ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ರಚನೆಯಾದವು. ಸದನದಲ್ಲಿ ಭೂಮಿಯುಳ್ಳ ಮನೆತನಗಳಿಂದ ಬಂದವರ ಸಂಖ್ಯೆ ಸಣ್ಣದಾಗಿರಲಿಲ್ಲ. ಆಡಳಿತ ಪಕ್ಷದ ಸಾಲುಗಳಲ್ಲೂ ಅವರಿದ್ದರು. ಹಿಂದುಳಿದ ವರ್ಗಗಳ ಬಗ್ಗೆ 1972ರಲ್ಲಿ ನೇಮಕವಾದ ಹಾವನೂರು ಆಯೋಗ 1975ರಲ್ಲಿ ವರದಿ ಕೊಟ್ಟಾಗಲೂ ಅದೇ ಬಿಸಿ. ವಿರೋಧ ಪಕ್ಷದ ನಾಯಕರಾಗಿದ್ದವರು ಹೊಳೆನರಸೀಪುರದ ಎಚ್.ಡಿ. ದೇವೇಗೌಡರು. 1962ರಲ್ಲಿ ಅವರೂ ಪಕ್ಷೇತರರಾಗಿಯೇ ಸದನ ಪ್ರವೇಶಿಸಿದ್ದವರು. ಪೀಠದಲ್ಲಿ ಕುಳಿತವರೂ, ಎದುರು ಸಾಲಿನಿಂದ ಎದ್ದು ನಿಲ್ಲುತ್ತಿದ್ದವರೂ ಪಕ್ಷದ ನೆರಳಿಲ್ಲದೆ ರಾಜಕೀಯ ಆರಂಭಿಸಿದವರು ಎಂಬುದು ಆ ಸದನದ ಒಂದು ವಿಶೇಷ.

ಸಭಾಧ್ಯಕ್ಷರ ಹುದ್ದೆ ಗೌರವದ್ದು, ಆದರೆ ಕ್ಷೇತ್ರದ ದೃಷ್ಟಿಯಿಂದ ಅದು ಕೈಕಟ್ಟುವ ಹುದ್ದೆ. ಸಭಾಧ್ಯಕ್ಷರು ಪ್ರಶ್ನೆ ಕೇಳುವಂತಿಲ್ಲ, ಚರ್ಚೆಯಲ್ಲಿ ಪಾಲ್ಗೊಳ್ಳುವಂತಿಲ್ಲ, ಮತಗಳು ಸಮನಾದಾಗ ಹೊರತು ಮತ ಹಾಕುವಂತಿಲ್ಲ. ಉಳಿದ ಶಾಸಕರು ತಮ್ಮ ಊರಿನ ಕೆರೆ, ರಸ್ತೆ, ಶಾಲೆಗಳ ಬಗ್ಗೆ ದನಿಯೆತ್ತುವಾಗ ಅವರಿಗೆ ಸಮಯ ಹಂಚಿಕೊಡುವುದಷ್ಟೇ ಅವರ ಕೆಲಸ. ಸುಮಾರು ಆರು ವರ್ಷ ಗುಂಡ್ಲುಪೇಟೆಯ ಹೆಸರು ಪ್ರಶ್ನೋತ್ತರದ ವೇಳೆಯಲ್ಲಿ ಅದರ ಶಾಸಕಿಯ ಬಾಯಿಂದ ಕೇಳಲಿಲ್ಲ. ಮಂತ್ರಿಗಿರಿ ಪಡೆದ ಶಾಸಕ ಕ್ಷೇತ್ರಕ್ಕೆ ಏನಾದರೂ ತಂದುಕೊಡಬಲ್ಲ. ಸಭಾಧ್ಯಕ್ಷರ ಬಳಿ ಹಂಚಲು ಇಲಾಖೆಯೇ ಇರುವುದಿಲ್ಲ.

1975ರ ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಸಂಸತ್ತಿನ ಸಮಿತಿಯೊಂದರ ಸಭೆಗಾಗಿ ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ ಇಲ್ಲಿಯೇ ಬಂಧಿತರಾದರು. ದೇವೇಗೌಡರೂ ಸೆರೆಮನೆ ಸೇರಿದರು. ವಿರೋಧ ಪಕ್ಷದ ನಾಯಕನೇ ಸೆರೆಯಲ್ಲಿರುವಾಗ ನಡೆಯುವ ಕಲಾಪಕ್ಕೆ ಸಭಾಧ್ಯಕ್ಷತೆ ವಹಿಸುವುದು ಯಾವ ಪೀಠಕ್ಕೂ ಹೆಮ್ಮೆಯ ಸಂಗತಿಯಾಗಲಾರದು. ನಾಗರತ್ನಮ್ಮನವರ ಅಧಿಕಾರಾವಧಿಯನ್ನು ನೆನೆಯುವಾಗ ರಾಜ್ಯದ ನಾಮಕರಣ, ಭೂಸುಧಾರಣೆಗಳ ಜೊತೆಗೆ ಈ ಅಧ್ಯಾಯವನ್ನೂ ಸೇರಿಸಿಯೇ ಓದಬೇಕು. ಆ ಎರಡು ವರ್ಷ ದೇಶದ ಎಲ್ಲ ಶಾಸನಸಭೆಗಳೂ ಹೆಚ್ಚುಕಡಿಮೆ ಒಂದೇ ತೆರನಾಗಿ ನಡೆದವು.

42ನೆಯ ತಿದ್ದುಪಡಿ ವಿಧಾನಸಭೆಗಳ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ವಿಸ್ತರಿಸಿತು. ಹಾಗಾಗಿ 1972ರ ಸದನ 1977ರಲ್ಲೂ ಮುಂದುವರಿಯಿತು. ಕೇಂದ್ರದಲ್ಲಿ ಜನತಾ ಸರ್ಕಾರ, ರಾಜ್ಯದಲ್ಲಿ ಅರಸು ಸರ್ಕಾರ. ಜೊತೆಗೆ ಕಾಂಗ್ರೆಸ್ಸಿನಲ್ಲಿ ಮತ್ತೊಂದು ಒಡಕು. 1977ರ ಡಿಸೆಂಬರ್ 31ರಂದು ರಾಷ್ಟ್ರಪತಿ ಆಳ್ವಿಕೆ ಜಾರಿಗೆ ಬಂದು ವಿಧಾನಸಭೆ ವಿಸರ್ಜನೆಯಾಯಿತು. ಇಲ್ಲೊಂದು ಸ್ವಾರಸ್ಯವಿದೆ. ಸಂವಿಧಾನದ 179ನೆಯ ವಿಧಿಯಂತೆ ಸದನ ವಿಸರ್ಜನೆಯಾದರೂ ಸಭಾಧ್ಯಕ್ಷರ ಹುದ್ದೆ ತೆರವಾಗುವುದಿಲ್ಲ. ಹೊಸ ಸದನ ಮೊದಲ ಬಾರಿ ಸೇರುವ ತನಕ ಅವರು ಮುಂದುವರಿಯುತ್ತಾರೆ. 1978ರ ಆರಂಭದ ಆ ಎರಡು ತಿಂಗಳು ರಾಜ್ಯದಲ್ಲಿ ಮುಖ್ಯಮಂತ್ರಿಯಿರಲಿಲ್ಲ, ಮಂತ್ರಿಗಳಿರಲಿಲ್ಲ, ಶಾಸಕರೇ ಇರಲಿಲ್ಲ, ಸಭಾಧ್ಯಕ್ಷೆಯೊಬ್ಬರಿದ್ದರು. ಮಾರ್ಚ್‌ನಲ್ಲಿ ಅವರ ಅವಧಿ ಮುಗಿಯಿತು.

ಆ ವರ್ಷದ ಚುನಾವಣೆಯಲ್ಲಿ, 21 ವರ್ಷಗಳ ನಂತರ, ಗುಂಡ್ಲುಪೇಟೆಯ ಪ್ರತಿನಿಧಿ ಬದಲಾದರು. ಸ್ಪೀಕರ್ ಆದವರು ಮುಂದಿನ ಚುನಾವಣೆಯಲ್ಲಿ ಉಳಿಯುವುದಿಲ್ಲ ಎಂಬ ನಂಬಿಕೆಯೊಂದು ಕರ್ನಾಟಕದ ರಾಜಕೀಯ ವಲಯದಲ್ಲಿದೆ. ಕಾಗೋಡು ತಿಮ್ಮಪ್ಪ ಮತ್ತು ಕೆ.ಬಿ. ಕೋಳಿವಾಡ 2018ರಲ್ಲಿ ಸೋತರು. ವಿಶ್ವೇಶ್ವರ ಹೆಗಡೆ ಕಾಗೇರಿ 2023ರಲ್ಲಿ ಸೋತರು. ಇದಕ್ಕೆ ಅಪವಾದವೂ ಉಂಟು: ಕೆ.ಜಿ. ಬೋಪಯ್ಯ ಸ್ಪೀಕರ್ ಆಗಿದ್ದು 2013ರಲ್ಲಿ ಮತ್ತೆ ಗೆದ್ದರು. ಶಾಪವೆನ್ನುವುದಕ್ಕಿಂತ, ಪೀಠದಲ್ಲಿದ್ದಷ್ಟು ಕಾಲ ಕ್ಷೇತ್ರ ದೂರವಾಗುತ್ತದೆ ಎನ್ನುವುದೇ ನಂಬಬಹುದಾದ ಕಾರಣ. ಶಾಪದ ಕಥೆಗಳಿಗೆ ಈ ಸೀಮೆಯಲ್ಲಿ ಕೊರತೆಯಿಲ್ಲ ಎನ್ನುವುದು ಬೇರೆ ಮಾತು. ಚಾಮರಾಜನಗರ ಪಟ್ಟಣಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾನೆಂಬ ಮೂಢನಂಬಿಕೆಗೆ ಹೆದರಿ ಎಷ್ಟೋ ಮುಖ್ಯಮಂತ್ರಿಗಳು ವರ್ಷಗಟ್ಟಲೆ ಆ ಕಡೆ ತಲೆಹಾಕಲಿಲ್ಲ. ಸಿದ್ದರಾಮಯ್ಯ ತಮ್ಮ ಮೊದಲ ಅವಧಿಯಲ್ಲಿ ಹಲವು ಬಾರಿ ಹೋಗಿ ಬಂದು, ಐದು ವರ್ಷವನ್ನೂ ಪೂರೈಸಿದರು.

ನಾಗರತ್ನಮ್ಮನವರ ರಾಜಕೀಯ ಬದುಕಿನಲ್ಲಿ ಹೆಚ್ಚು ಗಮನಿಸಬೇಕಾದ ಭಾಗ 1983ರಲ್ಲಿ ಆರಂಭವಾಗುತ್ತದೆ ಎನ್ನಬಹುದು. ಆ ಜನವರಿಯಲ್ಲಿ ಕರ್ನಾಟಕದಲ್ಲಿ ಕಾಂಗ್ರೆಸ್ ಮೊದಲ ಬಾರಿಗೆ ಅಧಿಕಾರ ಕಳೆದುಕೊಂಡಿತು. ಜನತಾ ಪಕ್ಷಕ್ಕೆ 95, ಕಾಂಗ್ರೆಸ್ಸಿಗೆ 82. ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಹಳೆಯ ಮೈಸೂರು ಭಾಗದಲ್ಲಿ ಗಾಳಿ ಜನತಾ ಕಡೆಗಿತ್ತು. ಗುಂಡ್ಲುಪೇಟೆ ಮಾತ್ರ ಕಾಂಗ್ರೆಸ್ಸಿನ ನಾಗರತ್ನಮ್ಮನವರನ್ನು ಮರಳಿ ಕರೆಯಿತು. 1985ರ ಮಧ್ಯಂತರ ಚುನಾವಣೆಯಲ್ಲಿ ಆ ಗಾಳಿ ಬಿರುಗಾಳಿಯಾಗಿ ಜನತಾ ಪಕ್ಷ 139 ಸ್ಥಾನ ಗೆದ್ದಾಗಲೂ ಅವರು ಗೆದ್ದರು. ಒಮ್ಮೆ ಕಾಂಗ್ರೆಸ್ಸಿನ ಅಲೆಯಲ್ಲಿ ಪಕ್ಷೇತರರಾಗಿ, ಮತ್ತೆರಡು ಬಾರಿ ಜನತಾ ಅಲೆಯಲ್ಲಿ ಕಾಂಗ್ರೆಸ್ಸಿಗರಾಗಿ: ಏಳರಲ್ಲಿ ಮೂರು ಗೆಲುವುಗಳು ಪ್ರವಾಹಕ್ಕೆ ಎದುರಾಗಿ ಬಂದವು. ಕ್ಷೇತ್ರದ ಜನ ಪಕ್ಷವನ್ನಲ್ಲ, ಆಕೆಯನ್ನು ಆರಿಸುತ್ತಿದ್ದರು ಎನ್ನಲು ಇದಕ್ಕಿಂತ ಬೇರೆ ಪುರಾವೆ ಬೇಕಿಲ್ಲ.

ಆ ದಶಕದಲ್ಲಿ ಅವರು ವಿಧಾನಸಭೆಯಲ್ಲಿ ವಿರೋಧ ಪಕ್ಷದ ನಾಯಕಿಯೂ ಆದರು. ಒಂದು ಕಾಲದಲ್ಲಿ ಎರಡೂ ಕಡೆಯವರನ್ನು ಸುಮ್ಮನಿರಿಸುತ್ತಿದ್ದವರು ಈಗ ಸರ್ಕಾರವನ್ನು ಪ್ರಶ್ನಿಸುವ ಸ್ಥಾನಕ್ಕೆ ಬಂದಿದ್ದರು. ಸದನದ ನಿಯಮಾವಳಿಯನ್ನು ಪೀಠದ ಮೇಲಿನಿಂದ ಕಲಿತವರಿಗೆ ಅದನ್ನು ಕೆಳಗಿನಿಂದ ಬಳಸುವುದು ಹೊಸ ವಿದ್ಯೆಯೇನಲ್ಲ. ಆಗಿನ ಸರ್ಕಾರದಲ್ಲಿ ಅದೇ ಸೀಮೆಯ ಬಿ. ರಾಚಯ್ಯ ಹಿರಿಯ ಸಚಿವರು. ಬೆಂಗಳೂರಿನ ಪತ್ರಿಕೆಗಳು ಹಿಂದುಳಿದದ್ದೆಂದು ಬರೆಯುತ್ತಿದ್ದ ಒಂದೇ ಮೂಲೆಯಿಂದ ಬಂದ ಇಬ್ಬರು ಸದನದ ಎರಡು ಬದಿಗಳಲ್ಲಿ ಮುಂದಿನ ಸಾಲಿನಲ್ಲಿದ್ದರು.

1989ರಲ್ಲಿ ಕಾಂಗ್ರೆಸ್ 178 ಸ್ಥಾನಗಳೊಂದಿಗೆ ಮರಳಿ ಅಧಿಕಾರಕ್ಕೆ ಬಂದಾಗ ನಾಗರತ್ನಮ್ಮನವರಿಗೆ ಅದು ಏಳನೆಯ ಹಾಗೂ ಕೊನೆಯ ಗೆಲುವು. ಆ ಅವಧಿಯಲ್ಲಿ ಅವರು ಆರೋಗ್ಯ ಸಚಿವರಾಗಿ ಕೆಲಸ ಮಾಡಿದರು. ಗುಂಡ್ಲುಪೇಟೆಯಿಂದ ಕೂಗಳತೆಯ ಚಾಮರಾಜನಗರ ಅದೇ ಚುನಾವಣೆಯಲ್ಲಿ ಕನ್ನಡ ಚಳವಳಿಯ ವಾಟಾಳ್ ನಾಗರಾಜ್ ಅವರನ್ನು ಆರಿಸಿತ್ತು. ಒಂದೆಡೆ ಸಭಾಧ್ಯಕ್ಷರ ಪೀಠದಲ್ಲಿ ಕುಳಿತಿದ್ದ ಗಾಂಭೀರ್ಯ, ಇನ್ನೊಂದೆಡೆ ಬೀದಿಯಲ್ಲೂ ಸದನದಲ್ಲೂ ನಾಟಕೀಯ ಪ್ರತಿಭಟನೆಗಳಿಗೆ ಹೆಸರಾದ ಹೋರಾಟ. ನೆರೆಹೊರೆಯ ಎರಡು ಕ್ಷೇತ್ರಗಳ ಆಯ್ಕೆಗಳಲ್ಲಿ ಅಷ್ಟು ಅಂತರ.

1993ರಲ್ಲಿ, ಶಾಸಕಿಯಾಗಿದ್ದಾಗಲೇ, ನಾಗರತ್ನಮ್ಮ ನಿಧನರಾದರು. ಗುಂಡ್ಲುಪೇಟೆ ಆಗ ಇನ್ನೂ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ತಾವು ಮೂರೂವರೆ ದಶಕ ಒಡನಾಡಿದ ಪ್ರದೇಶಕ್ಕೆ ಸ್ವಂತ ಜಿಲ್ಲಾಡಳಿತ ಬಂದುದನ್ನು ಅವರು ಕಾಣಲಿಲ್ಲ.

1994ರ ಚುನಾವಣೆಯಲ್ಲಿ ಜನತಾದಳದಿಂದ ಗೆದ್ದ ಹಾಲಹಳ್ಳಿಯ ಮಹದೇವಪ್ರಸಾದ್ ಮುಂದಿನ ನಾಲ್ಕು ಚುನಾವಣೆಗಳಲ್ಲೂ ಗೆದ್ದರು. ಜನತಾ ಪರಿವಾರದಿಂದ ಅವರು ಕಾಂಗ್ರೆಸ್ಸಿಗೆ ಬಂದರು. ಮತದಾರರೂ ಅವರೊಂದಿಗೆ ಬಂದರು. ನಾಗರತ್ನಮ್ಮನವರ ಕಾಲದಲ್ಲಿ ಕ್ಷೇತ್ರ ರೂಢಿಸಿಕೊಂಡ ಅಭ್ಯಾಸ ಹೆಸರು ಬದಲಾದರೂ ಬದಲಾಗಲಿಲ್ಲ. ಲೋಕಸಭಾ ಕ್ಷೇತ್ರದಲ್ಲೂ ಅದೇ ಕಥೆ: ಶ್ರೀನಿವಾಸಪ್ರಸಾದ್ 1999ರಲ್ಲಿ ಸಂಯುಕ್ತ ಜನತಾದಳದಿಂದ, 2019ರಲ್ಲಿ ಬಿಜೆಪಿಯಿಂದ ಗೆದ್ದು ಒಟ್ಟು ಆರು ಬಾರಿ ಸಂಸದರಾದರು. ಕೊನೆಯ ಗೆಲುವಿನ ಅಂತರ ಕೇವಲ 1,817 ಮತ. ಅದೂ ಈ ಜಿಲ್ಲೆಯ ಮಟ್ಟಿಗೆ ದೊಡ್ಡ ಅಂತರವೇ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ರಾಚಯ್ಯನವರ ಪುತ್ರ ಎ.ಆರ್. ಕೃಷ್ಣಮೂರ್ತಿ ಅವರು ಆರ್. ಧ್ರುವನಾರಾಯಣ ಅವರೆದುರು ಸೋತದ್ದು ಒಂದೇ ಒಂದು ಮತದಿಂದ.

ಮಹದೇವಪ್ರಸಾದ್ 2017ರ ಜನವರಿಯಲ್ಲಿ ಸಚಿವರಾಗಿದ್ದಾಗಲೇ ಹಠಾತ್ತನೆ ತೀರಿಕೊಂಡರು. ಆ ಏಪ್ರಿಲ್‌ನಲ್ಲಿ ನಂಜನಗೂಡಿನ ಜೊತೆಗೆ ಗುಂಡ್ಲುಪೇಟೆಗೂ ಉಪಚುನಾವಣೆ ನಡೆದು ಅವರ ಪತ್ನಿ ಗೀತಾ ಮಹದೇವಪ್ರಸಾದ್ ಆಯ್ಕೆಯಾದರು, ಸಚಿವರೂ ಆದರು. ನಾಗರತ್ನಮ್ಮನವರ ನಿಧನದ ನಂತರ ಗುಂಡ್ಲುಪೇಟೆಗೆ ಮಹಿಳಾ ಪ್ರತಿನಿಧಿ ದೊರೆತದ್ದು ಹೀಗೆ, 24 ವರ್ಷಗಳ ಬಳಿಕ, ಅನುಕಂಪದ ಅಲೆಯ ನಡುವೆ. ಅದೂ ಒಂದು ವರ್ಷದ ಮಾತು. 2018ರಲ್ಲಿ ಅವರು ಬಿಜೆಪಿಯ ಸಿ.ಎಸ್. ನಿರಂಜನಕುಮಾರ್ ಅವರೆದುರು ಸೋತರು. 2023ರಲ್ಲಿ ಅವರ ಪುತ್ರ ಎಚ್.ಎಂ. ಗಣೇಶ್‌ಪ್ರಸಾದ್ ಕ್ಷೇತ್ರವನ್ನು ಕಾಂಗ್ರೆಸ್ಸಿಗೆ ಮರಳಿ ಗೆದ್ದರು. ಆ ಚುನಾವಣೆಯಲ್ಲಿ ರಾಜ್ಯದ 224 ಕ್ಷೇತ್ರಗಳಿಂದ ಆಯ್ಕೆಯಾದ ಮಹಿಳೆಯರು 10 ಮಂದಿ. ಹೊಸ ಸದನ ಸಭಾಧ್ಯಕ್ಷರ ಸ್ಥಾನಕ್ಕೆ ಮಂಗಳೂರಿನ ಯು.ಟಿ. ಖಾದರ್ ಅವರನ್ನು ಆರಿಸಿತು.